ಸೂಜಿ ಹಿಡಿಯಲು ಕಲಿಸಿದವರು

ಹೋದ ವಾರ ಮೊಮ್ಮಗಳಿಗೆ ಲಸಿಕೆ ಹಾಕಿಸಲು ಕರೆದುಕೊಂಡು ಹೋಗಿದ್ದೆ. ನರ್ಸು ಹತ್ತಿಗೆ ಸ್ಪಿರಿಟ್ ಅದ್ದಿ ಮಗುವಿನ ತೋಳು ಒರೆಸಿದಳು. ಆ ವಾಸನೆಗೆ ಜಗಳೂರಿನ ದನದ ಆಸ್ಪತ್ರೆಯ ಕಾಂಪೌಂಡರು ನೆನಪಾದರು.

ಎಂಬತ್ತರ ದಶಕದ ಮಾತು. ನನ್ನ ಯಜಮಾನರಿಗೆ ಆಗ ಮೂವತ್ತೆಂಟು. ನಾಲಿಗೆಯ ಬುಡದ ಹುಣ್ಣು ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಅದು ಕುತ್ತಿಗೆಗೆ ಇಳಿದಿತ್ತು. ಬೆಂಗಳೂರಿನ ಆಸ್ಪತ್ರೆಯವರು ಎರಡು ತಿಂಗಳು ನೋಡಿ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟರು. ಹೇಗೆ ನೋಡಿಕೊಳ್ಳಬೇಕೆಂದು ಯಾರೂ ಹೇಳಲಿಲ್ಲ. ನೋವಿನ ಇಂಜೆಕ್ಷನ್ನಿನ ಡಬ್ಬಿ ಕೈಗಿಟ್ಟು, ದಿನಕ್ಕೆ ಮೂರು ಸಲ ಎಂದರು. ಹಾಕುವವರು ಯಾರು? ಊರಿಗಿದ್ದ ಒಬ್ಬಳೇ ನರ್ಸಮ್ಮ ಹೆರಿಗೆ ಬಿಟ್ಟು ಬರುವಂತಿರಲಿಲ್ಲ. ರೋಗ ಅಂಟುತ್ತದೆಂದು ನೆಂಟರು ಹೊಸಿಲಾಚೆಯೇ ನಿಂತು ಮಾತಾಡಿಸಿ ಹೋಗುತ್ತಿದ್ದರು.

ಎರಡು ಮನೆ ಆಚೆ ಕಾಂಪೌಂಡರಿದ್ದರು. ಬೇರೆ ದಾರಿ ಕಾಣದೆ ಅವರ ಬಾಗಿಲಿಗೆ ಹೋಗಿ ಅತ್ತೆ.

"ನಾನು ಎತ್ತು ಎಮ್ಮೆಗೆ ಸೂಜಿ ಹಾಕೋನು ತಂಗಿ. ಮನುಷ್ಯರ ಮೈ ಮುಟ್ಟಾಕೆ ನಂಗೆ ಅಧಿಕಾರ ಇಲ್ಲ" ಎಂದರು.

ಆದರೂ ಸಂಜೆ ಬಂದರು, ಸರ್ಕಾರಿ ಡಾಕ್ಟರನ್ನು ಕೇಳಿಕೊಂಡು. ಗಾಜಿನ ಸಿರಿಂಜನ್ನು ಕುದಿಯುವ ನೀರಿಗೆ ಹಾಕಿ ಕಾದು ಕುಳಿತರು. ಸೂಜಿ ಇಳಿಸುವಾಗ ಅವರ ಹಣೆ ಬೆವರುತ್ತಿತ್ತು.

ನಾಲ್ಕು ದಿನವಾದ ಮೇಲೆ ಒಂದು ಪರಂಗಿ ಕಾಯಿ ತಂದರು. "ಮಧ್ಯಾಹ್ನ ನಾನು ಹಳ್ಳಿ ಮ್ಯಾಲೆ ಇರ್ತೀನಿ. ನೀನೇ ಕಲೀಬೇಕು." ಆ ಕಾಯಿಗೆ ನೀರು ಚುಚ್ಚಿ ಚುಚ್ಚಿ ಕಲಿತೆ. ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು... ನರ್ಸಮ್ಮನನ್ನು ಕೇಳಿ ತಿಳಿದುಕೊಂಡು ಬಂದು ಅದನ್ನೂ ಕಲಿಸಿದರು.

ತಿಂಗಳು ಕಳೆಯುವಷ್ಟರಲ್ಲಿ ಆ ಔಷಧಿ ನೋವಿಗೆ ಸಾಲದಾಯಿತು. ಯಜಮಾನರಿಗೆ ಮಾತು ನಿಂತುಹೋಗಿತ್ತು, ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಒಂದು ಸಂಜೆ ಕಾಂಪೌಂಡರಿಗೇ ಬರೆದು ತೋರಿಸಿದರು: ಉಳಿಯದ ಎತ್ತಿಗೆ ಏನು ಕೊಡುತ್ತೀರಿ? ನನಗೂ ಅದನ್ನೇ ಕೊಡಿ.

ಕಾಂಪೌಂಡರು ಓದಿ, ಅಂಗಿಯ ತೋಳಿನಿಂದ ಸ್ಲೇಟು ಒರೆಸಿದರು. "ಅದೊಂದು ಕೇಳಬ್ಯಾಡ್ರಿ. ನೋವು ಇಳಿಸಾಕೆ ಬ್ಯಾರೆ ಔಷಧಿ ಐತಂತೆ, ದಾವಣಗೆರೆಗೆ ಹೋಗಿ ತರ್ತೀನಿ. ನಾಳೆ ಸಂಜಿಗೆ ಬಂದುಬಿಡ್ತೀನಿ."

ಮರುದಿನ ಸಂಜೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ಡಬ್ಬಿ ಖಾಲಿಯಾಯಿತು. ಯಜಮಾನರು ಮಂಚದ ಪಟ್ಟಿ ಹಿಡಿದು ಮೈ ಬಿಗಿಯುತ್ತಿದ್ದರು. ಅವರ ಗಂಟಲಿನ ಸದ್ದು ಕೇಳಲಾರದೆ ಅತ್ತೆಯವರು ಹಿತ್ತಲಲ್ಲಿ ಕಿವಿ ಮುಚ್ಚಿ ಕುಳಿತರು. ನಾನು ಬರೀ ನೀರನ್ನು ಸಿರಿಂಜಿಗೆ ತುಂಬಿ, ಔಷಧಿ ಎಂದು ಸುಳ್ಳು ಹೇಳಿ ಚುಚ್ಚಿದೆ. ಅವರು ನನ್ನನ್ನೇ ನೋಡಿದರು. ಗೊತ್ತಾಗಿತ್ತು ಅವರಿಗೆ... ಸ್ಲೇಟಿನ ಮಾತಿಗೆ ಹೆದರಿ ಕಾಂಪೌಂಡರು ತಪ್ಪಿಸಿಕೊಂಡರೆಂದೇ ನಾನು ನಂಬಿದೆ.

ಮೂರನೆಯ ದಿನ ಬೆಳಿಗ್ಗೆ ಯಜಮಾನರು ಹೋದರು.

ಹತ್ತು ಗಂಟೆಯ ಬಸ್ಸಿಗೆ ಕಾಂಪೌಂಡರು ಬಂದರು, ಎದೆಗೆ ಚೀಲ ಅವಚಿಕೊಂಡು. ಅಂಗಳದ ತುಂಬ ಜನ.

"ಈಗ ಯಾಕೆ ಬಂದ್ರಿ? ಇದು ದನದ ಕೊಟ್ಟಿಗೆ ಅನ್ಕೊಂಡ್ರಾ?" ಎಂದೆ ನಾನು. ಎಲ್ಲರಿಗೂ ಕೇಳಿಸಿತು.

ಅವರು ಚೀಲವನ್ನು ಕಟ್ಟೆಯ ಮೇಲಿಟ್ಟು, ಚಟ್ಟ ಕಟ್ಟುವವರ ಜೊತೆ ಸೇರಿಕೊಂಡರು.

ಆ ಚೀಲ ಬಿಚ್ಚಿದ್ದು ಎಷ್ಟೋ ದಿನವಾದ ಮೇಲೆ. ಔಷಧಿಯ ಡಬ್ಬಿ, ದಾವಣಗೆರೆಯ ಡಾಕ್ಟರರ ಚೀಟಿ, ಹುಬ್ಬಳ್ಳಿಗೆ ಹೋಗಿಬಂದ ಬಸ್ ಟಿಕೆಟ್ಟುಗಳು. ದಾವಣಗೆರೆಯಲ್ಲಿ ಔಷಧಿ ಸಿಕ್ಕಿರಲಿಲ್ಲ. ಓಡಿಹೋಗಿ ನೋಡಿದರೆ ಅವರ ಮನೆಗೆ ಬೀಗ. ಹೊನ್ನಾಳಿಗೆ ವರ್ಗವಾಗಿದೆ ಎಂದರು ಪಕ್ಕದವರು.

ಹೊನ್ನಾಳಿ ಎಷ್ಟು ದೂರ? ಒಂದು ದಿನದಲ್ಲಿ ಹೋಗಿಬರಬಹುದಿತ್ತು. ಯಾವ ಮುಖ ಹೊತ್ತು ಹೋಗಲಿ ಎಂದುಕೊಂಡೇ ವರ್ಷಗಳು ಉರುಳಿದವು. ಅವರು ತೀರಿಕೊಂಡ ಸುದ್ದಿ ಕೇಳಿಯೇ ಹತ್ತು ವರ್ಷದ ಮೇಲಾಯಿತು. ಇವತ್ತು ಈ ಬೀದಿಯಲ್ಲಿ ಅವರನ್ನು ಬಲ್ಲವರು ನನ್ನ ಹೊರತು ಯಾರೂ ಇಲ್ಲ. ತಪ್ಪಾಯಿತು ಅಣ್ಣಾ ಎಂದು ಇಲ್ಲಿ ಬರೆದಿದ್ದೇನೆ. ಓದಲು ಅವರಿಲ್ಲ.