ಬಾವಲಿ ಕಚ್ಚಿದ ಪೇರಲಹಣ್ಣು

ಗುಮ್ಮಘಟ್ಟದ ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಅವರ ಹಿತ್ತಲಿನ ಪೇರಲ ಮರಕ್ಕೆ ಬಾವಲಿಗಳು ಬರುತ್ತಿದ್ದವು. ಅವು ಕಚ್ಚಿ ಬೀಳಿಸಿದ ಹಣ್ಣನ್ನೇ ಅಜ್ಜಿ ಸೆರಗಿನಲ್ಲಿ ಒರೆಸಿ ನನ್ನ ಮಗಳಿಗೆ ಕೊಡುತ್ತಿದ್ದರು.

“ಬಾವಲಿ ಮೈಯಾಗ ವೈರಸ್ ಇರ್ತಾವ ಅಜ್ಜಿ. ಅದಕ್ಕೇನೂ ಆಗಂಗಿಲ್ಲ, ಅದರ ಎಂಜಲು ತಿಂದ್ರ ನಮಗ ಜಡ್ಡು ಬಂದೀತು” ಎಂದು ಎಷ್ಟು ಸಲ ಹೇಳಿದೆನೋ!

“ಯಾವ ಹಣ್ಣು ಸಿಹಿ ಅಂತ ಬಾವಲಿಗೆ ಗೊತ್ತಿರ್ತದ್ರಿ” ಎನ್ನುವುದೊಂದೇ ಅವರ ಉತ್ತರ.

ಒಮ್ಮೆ ಮಗಳಿಗೆ ಜ್ವರ ಬಂತು. ನಾನು ಅಜ್ಜಿಯ ಮೇಲೆ ಕೂಗಾಡಿದೆ. ಇದು ಸಾದಾ ಜ್ವರವೆಂದು ಡಾಕ್ಟರು ಹೇಳಿದರೂ, ಅದು ಇಳಿಯುವವರೆಗೆ ಅಜ್ಜಿ ನಮ್ಮ ಹೊಸ್ತಿಲು ಬಿಟ್ಟು ಕದಲಲಿಲ್ಲ. ಇನ್ನಾದರೂ ಬುದ್ಧಿ ಬಂತು ಅಂದುಕೊಂಡೆ.

ಮರುದಿನವೇ ಅರ್ಧ ಪೇರಲಹಣ್ಣು ಹಿಡಿದು ಬಂದರು.

“ಹೆದರಬ್ಯಾಡ್ರಿ, ಬಾವಲಿ ಕಚ್ಚಿದ್ದನ್ನ ನಾನ ತಿಂದೀನಿ. ಕೂಸಿಗೆ ಚಲೋ ಭಾಗ ತಂದೀನ್ರಿ.”