ಮೂರನೇ ಕೂಗು

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ರುದ್ರಾಣಿಗೆ ನಲವತ್ತು ದಾಟಿದರೂ ಕಾರ್ಟೂನ್ ಸಿನಿಮಾದ ಹುಚ್ಚು ಬಿಟ್ಟಿರಲಿಲ್ಲ. ಮಗ್ಗದ ಕಂಬಕ್ಕೆ ಮೊಬೈಲು ಕಟ್ಟಿಕೊಂಡು, ಡ್ರ್ಯಾಗನ್ ಕಥೆ ನೋಡುತ್ತಲೇ ಲಾಳಿ ಆಡಿಸುತ್ತಿದ್ದಳು. ಯಾರಾದರೂ ನಕ್ಕರೆ, "ನಿಮ್ ಅತ್ತೆ-ಸೊಸೆ ಸೀರಿಯಲ್‌ಗಿಂತ ಇದೇ ವಾಸಿ ಕಣ್ರಿ, ಓಗಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆ ಕಥೆಯ ಕೆಂಪು ಡ್ರ್ಯಾಗನ್ನಿನ ಹೆಸರು ಕೆಂಡ. ಅದು ಸತ್ತರೂ, ಒಡತಿ ಮೂರು ಸಲ ಹೆಸರು ಹಿಡಿದು ಕೂಗಿದರೆ ಬೂದಿಯಿಂದ ಎದ್ದು ಬರುತ್ತಿತ್ತು. ರುದ್ರಾಣಿ ತನ್ನ ಕೆಂಚು ಬೆಕ್ಕಿಗೂ ಅದೇ ಹೆಸರಿಟ್ಟಿದ್ದಳು.

ಬೆಕ್ಕು ಮಲಗುತ್ತಿದ್ದುದು ಮಗ್ಗದ ಗುಂಡಿಯಲ್ಲಿ, ಅವಳು ತುಳಿಯುವ ಹಲಗೆಯ ಕೆಳಗೆ. ಹಾಗಾಗಿ ದಿನಾ ಬೆಳಿಗ್ಗೆ ಗುಂಡಿಗೆ ಕಾಲು ಇಳಿಬಿಡುವ ಮೊದಲು "ಕೆಂಡಾ" ಎಂದು ಕೂಗುತ್ತಿದ್ದಳು. ಆ ಸೋಮಾರಿ ಮೈ ಮುರಿಯುತ್ತಾ ಮೇಲೆ ಬರುತ್ತಿದ್ದುದು ಮೂರನೇ ಕೂಗಿಗೇ.

ಶ್ರಾವಣದಲ್ಲಿ ಬೆಕ್ಕು ಕಾಯಿಲೆ ಬಿದ್ದು ಸತ್ತಿತು. ರೇಷ್ಮೆ ತುಂಡಿನಲ್ಲಿ ಸುತ್ತಿ, ಹಿತ್ತಲ ನುಗ್ಗೆಮರದಡಿ ತಾನೇ ಹೂತಳು. "ಬೆಕ್ಕಿಗೆಲ್ಲ ಯಾರ್ ಅಳ್ತಾರೆ" ಎಂದು ಒರಟಾಗಿ ಹೇಳಿ ಕೈ ತೊಳೆದುಕೊಂಡಳು.

ಮಾರನೇ ಬೆಳಿಗ್ಗೆ ಮಗ್ಗಕ್ಕೆ ಕೂತವಳ ಬಾಯಿಂದ, ಅಭ್ಯಾಸ ನೋಡಿ, "ಕೆಂಡಾ" ಎಂದು ಬಂದೇಬಿಟ್ಟಿತು. ಇನ್ನೊಮ್ಮೆ ಕೂಗಿದಳು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಯಾಕತ್ತಿಗೆ, ಸುಮ್ಕಾಗ್ಬುಟ್ರಿ?" ಎಂದಳು, ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ತಮ್ಮನ ಹೆಂಡತಿ ರೋಜಾ.

"ಮೂರ್ನೇ ಸಲ ಕೂಗಿದ್ಮೇಲೂ ಬರ್ನಿಲ್ಲ ಅಂದ್ರೆ, ಅವ್ನು ಸತ್ತೋಗವ್ನೆ ಅಂತ ನಾನು ಒಪ್ಕಬೇಕಾಯ್ತದೆ ಕಣವ್ವಾ."