ಎಣ್ಣೆ ಹಚ್ಚಿದ ಮೂವತ್ತು ಗುಂಡು

ಮೊನ್ನೆ ರವಿವಾರ ಪೇಟೆಯಲ್ಲಿ ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಸಣ್ಣ ಬಾಟಲಿ ಕೊಂಡೆ. ಮುಚ್ಚಳ ಸಡಿಲವಿತ್ತು, ಬೆರಳಿಗೆಲ್ಲ ಹತ್ತಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಡುಬೀದಿಯಲ್ಲಿ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತುಬಿಟ್ಟೆ. ಬೆಲ್ಲದ ಅಂಗಡಿಯವರು ನಕ್ಕಿರಬೇಕು. ನಗಲಿ. ಬಂದೂಕಿಗೆ ಹಾಕುವ ಎಣ್ಣೆಗೂ ಇದೇ ವಾಸನೆ, ಅದು ನಮ್ಮ ಉಸ್ತಾದರ ವಾಸನೆ...

ಪೊಲೀಸು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಬಂದೂಕು ಹಿಡಿಯಲು ಕಲಿಸಿದವರು ಅವರು. ಬೆಳಗಾವಿಯ ನಮ್ಮ ಶಸ್ತ್ರಾಗಾರವೂ ಅವರ ಕೈಯಲ್ಲೇ ಇತ್ತು. ಹಣೆಯ ಮೇಲೆ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. ಯಾರಿಗೆ ಕಾರ್ಬೈನ್ ಕೊಡಬೇಕು, ಯಾರಿಗೆ ಲಾಠಿ ಸಾಕು ಎಂಬುದರಲ್ಲಿ ಸಾಹೇಬರು ಅವರ ಮಾತು ಮೀರುತ್ತಿರಲಿಲ್ಲ. ಕಾರ್ಬೈನ್ ಎಂದರೆ ಪಿಸ್ತೂಲಿನ ಗುಂಡನ್ನೇ ಹಾರಿಸುವ ಗಿಡ್ಡ ಬಂದೂಕು. ನಮ್ಮ ತಂಡದಲ್ಲಿ ಅದನ್ನು ಹೊತ್ತು ಕಾವಲು ನಿಂತ ಮೊದಲ ಹೆಣ್ಣುಮಗಳು ನಾನು. ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

ಆ ಮಳೆಗಾಲ ನನ್ನನ್ನು ಖಾನಾಪುರದ ಖಜಾನೆ ಕಾವಲಿಗೆ ಹಾಕಿದ್ದರು. ಅಲ್ಲಿಯ ಮಳೆಗೆ ಬಾಗಿಲ ಚಿಲಕ ತುಕ್ಕು ಹಿಡಿಯುತ್ತಿತ್ತು, ಬೆಲ್ಟಿನ ಹಿತ್ತಾಳೆ ಹಸಿರುಗಟ್ಟುತ್ತಿತ್ತು. ನಾನೋ ಸಾಂಬ್ರಾ ಕಡೆಯ ಒಕ್ಕಲುತನದ ಮನೆಯವಳು. ಮಳೆ ಹಿಡಿಯುವ ಮೊದಲು ಅಪ್ಪ ಕುಡಗೋಲು, ಕೊಡಲಿಗೆಲ್ಲ ಎಣ್ಣೆ ಸವರಿ ಇಡುವುದನ್ನು ನೋಡಿ ಬೆಳೆದವಳು. ಅದೇ ಅಕ್ಕರೆಯಿಂದ ನನ್ನ ಮೂವತ್ತೂ ಗುಂಡಿಗೆ ಒಂದೊಂದಾಗಿ ಎಣ್ಣೆ ಹಚ್ಚಿ ಮ್ಯಾಗಜೀನಿಗೆ ತುಂಬಿದೆ. ಹೊಸ ಬಳೆಯ ಹಾಗೆ ಮಿಂಚುತ್ತಿದ್ದವು. ಜೊತೆಯ ಕಾವಲಿನವರಿಗೂ ತೋರಿಸಿ ಬೀಗಿದ್ದೆ.

ಕೆಲವು ದಿನಗಳಲ್ಲಿ ಉಸ್ತಾದರು ತಪಾಸಣೆಗೆ ಬಂದರು. ನನ್ನ ಮ್ಯಾಗಜೀನಿನಿಂದ ಒಂದು ಗುಂಡು ತೆಗೆದು ಮೂಸಿ ನೋಡಿದರು.

“ಯಾರ ಹಚ್ಚ್ಯಾರ ಇದನ್ನ?” ನಾನು ತಪ್ಪು ಮಾಡಿದ್ದೇನೆಂದು ಆ ದನಿಯಲ್ಲೇ ತಿಳಿಯಿತು.

“ಬರೂವಾಗನ ಹಂಗ ಬಂದಾವ್ರಿ,” ಎಂದ ನನ್ನ ಜೊತೆಗಾರ, ನನ್ನನ್ನು ಉಳಿಸಲು.

ನಾನು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒಪ್ಪಿಕೊಂಡರೆ ಕಾರ್ಬೈನ್ ಹೋಗಿ, ಕಚೇರಿಯಲ್ಲಿ ಟಪಾಲು ವಿಂಗಡಿಸುವ ಕುರ್ಚಿ ಕಾದಿತ್ತು. ಹೆಂಗಸಿಗೆ ಬಂದೂಕು ಯಾಕೆ ಎನ್ನುವವರು ಬೇಕಾದಷ್ಟಿದ್ದರು. ನಗುವವರ ಮುಂದೆ ಎಡವಿ ಬಿದ್ದ ಹಾಗಾಗುತ್ತಿತ್ತು. ಆದರೆ ಆ ಸುಳ್ಳು ನನ್ನ ಗಂಟಲಲ್ಲಿ ಇಳಿಯಲಿಲ್ಲ.

“ನಾನ ಹಚ್ಚೇನ್ರಿ, ಉಸ್ತಾದ್ರ.”

ಅವರು ಬಯ್ಯಲಿಲ್ಲ. ಅದೇ ಜೀಪಿನಲ್ಲಿ ನನ್ನನ್ನೂ ಆ ಮೂವತ್ತು ಗುಂಡನ್ನೂ ಬೆಳಗಾವಿಗೆ ಕರೆತಂದು, ಗುರಿ ಅಭ್ಯಾಸದ ಮೈದಾನದಲ್ಲಿ ಒಂದೊಂದೇ ಹಾರಿಸು ಎಂದರು. ಇಪ್ಪತ್ತೆಂಟು ಹಾರಿದವು. ಎರಡು ಬರೀ ಟಕ್ ಎಂದವು. ಆ ಎರಡು ಸಲವೂ, ಗುಂಡು ತಡವಾಗಿ ಹಾರೀತೆಂದು, ಬಂದೂಕಿನ ಬಾಯಿ ಗುರಿಯ ಕಡೆಗೇ ಹಿಡಿಸಿ, ಒಂದರಿಂದ ಮೂವತ್ತರ ತನಕ ಎಣಿಸಿದ ಮೇಲೆಯೇ ಗುಂಡು ತೆಗೆಯಲು ಬಿಟ್ಟರು. ಎಣ್ಣೆ ಗುಂಡಿನ ತಳದ ಕ್ಯಾಪಿನ ಸಂದಿಯಲ್ಲಿ ಇಳಿದು ಒಳಗಿನ ಮದ್ದನ್ನು ಕೊಂದಿತ್ತು. ಹೊರಗೆ ಮಾತ್ರ ಅವೂ ಉಳಿದವುಗಳ ಹಾಗೆಯೇ ಮಿಂಚುತ್ತಿದ್ದವು.

“ಎರಡ ರೀ...” ಎಂದೆ, ಸಣ್ಣ ದನಿಯಲ್ಲಿ.

“ಯಾವ ಎರಡು ಅಂತ ಮೊದಲ ಹೇಳಾಕ ಬರ್ತಿತ್ತೇನವಾ? ಜೀವದ ಮ್ಯಾಲೆ ಬಂದಾಗ ಮೊದಲನೇದ ಅದ ಆಗಿದ್ರ?”

ಶಸ್ತ್ರಾಗಾರಕ್ಕೆ ಬಂದ ಮೇಲೆ ಸೋಪು ಕೊಟ್ಟು ಕೈ ತೊಳೆಸಿದರು. ಹಳೇ ಧೋತರದ ಬಿಳಿ ತುಂಡು ಹಾಸಿ, ಒಂದು ಪೆಟ್ಟಿಗೆ ಗುಂಡು ಸುರಿದು, ಕಾವಲಿಗೆ ಒಯ್ಯುವಂಥ ಮೂವತ್ತು ಆರಿಸು ಎಂದರು. ತಗ್ಗು ಬಿದ್ದದ್ದು, ಹಸಿರುಗಟ್ಟಿದ್ದು, ತುದಿ ಅಲುಗಾಡುವುದು, ಕ್ಯಾಪು ಉಬ್ಬಿದ್ದು ಎಲ್ಲ ಬದಿಗೆ. “ಮಿಂಚೂದು ನೋಡಬ್ಯಾಡ, ತಳಾ ನೋಡು,” ಎಂದು ಒಂದೇ ಸಲ ಹೇಳಿದರು. ಜೋಳ ಹಸನು ಮಾಡಿದ ಕೈಗೆ ಇದೇನು ಮಹಾ ಅಂದುಕೊಂಡಿದ್ದೆ. ಬೆವರಿಳಿದುಹೋಯಿತು.

ಮುಗಿಸಿದಾಗ ಅವರು ತಮ್ಮ ಮ್ಯಾಗಜೀನ್ ಖಾಲಿ ಮಾಡಿ, ನಾನು ಆರಿಸಿದ ಮೂವತ್ತನ್ನೂ ಅದರೊಳಗೆ ತುಂಬಿಕೊಂಡರು. ಮರುದಿನ ಬೆಳಿಗ್ಗೆ ಕೈದಿಗಳ ಬೆಂಗಾವಲಿಗೆ ಹೋಗಬೇಕಿದ್ದವರು ಅವರೇ. ಅಲ್ಲಿ ನಿಂತವರೆಲ್ಲ ಮುಖ ಮುಖ ನೋಡಿಕೊಂಡರು.

“ಸುಳ್ಳ ಹೇಳದ ಕೈ ಆರಿಸಿದ್ದು. ನನಗ ಇವ ಗುಂಡು ಬೇಕು,” ಎಂದರು.

ನಾನು ಕಾರ್ಬೈನ್ ಸಮೇತ ಖಾನಾಪುರಕ್ಕೆ ವಾಪಸು ಹೋದೆ. ಬಸ್ಸಿನಲ್ಲಿ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಕಿಟಕಿಯ ಇರಚಲು ಹೊಡೆದು ತೋಳು ತೊಯ್ದದ್ದೂ ತಿಳಿಯಲಿಲ್ಲ.

ತಮ್ಮ ನಿವೃತ್ತಿಯ ದಿನ ಉಸ್ತಾದರು ಆ ಮೂವತ್ತನ್ನೂ ಶಸ್ತ್ರಾಗಾರಕ್ಕೆ ಒಪ್ಪಿಸಲು ನನ್ನ ಬೊಗಸೆಗೇ ಎಣಿಸಿ ಕೊಟ್ಟರು. “ಒಂದೂ ಹಾರಿಸೂ ಪ್ರಸಂಗ ಬರಲಿಲ್ಲವಾ. ಇದಕಿಂತ ದೊಡ್ಡ ಮೆಡಲ್ ಯಾವದೈತಿ?” ಎಂದು ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ...

ಈಗ ಶಸ್ತ್ರಾಗಾರದ ಬೀಗದ ಕೈ ನನ್ನ ಸೊಂಟದಲ್ಲಿದೆ. ಹೋದ ವರ್ಷ ಉಸ್ತಾದರು ತೀರಿಕೊಂಡಾಗ ನಾನು ದೂರದ ಬಂದೋಬಸ್ತಿನಲ್ಲಿದ್ದೆ, ಮುಖ ನೋಡಲಾಗಲಿಲ್ಲ. ಆ ನೋವು ಹೋಗುವುದಿಲ್ಲ.

ಮೊನ್ನೆ ಪೇಟೆಯಿಂದ ನೇರ ಕೆಲಸಕ್ಕೆ ಬಂದೆ. ಗುಂಡು ಆರಿಸಬೇಕಿತ್ತು. ಬಿಳಿ ಬಟ್ಟೆ ಹಾಸುವ ಮೊದಲು ಸೋಪು ಹಚ್ಚಿ ಕೈ ತೊಳೆದೆ. ಮೂಸಿ ನೋಡಿ ಮತ್ತೊಮ್ಮೆ ತೊಳೆದೆ. ಎಣ್ಣೆಯ ವಾಸನೆ ಪೂರ್ತಿ ಹೋಗಬೇಕು, ಅದು ಅವರದೇ ಅಪ್ಪಣೆ. ಹೋಯಿತು. ಬರೀ ಸೋಪಿನ ವಾಸನೆಯ ಬೆರಳನ್ನು ಮೂಗಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.